ಅಡಗಲು ಜಾಗವಿದ್ದರೆ ಮೀನು ಅಡಗುವುದಿಲ್ಲ

ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ ಮೀನು ಮಾರುವುದು ಜೋಡಿ ಲೆಕ್ಕದಲ್ಲಿ. ಕೊಳ್ಳುವವರೂ ಹಾಗೆಯೇ ಆರಿಸುತ್ತಾರೆ: ಒಂದು ಜೋಡಿ ಏಂಜೆಲ್, ಒಂದು ಜೋಡಿ ಗೌರಾಮಿ, ಒಂದು ಜೋಡಿ ಟೈಗರ್ ಬಾರ್ಬ್, ನೋಡಲು ಚೆಂದವೆಂದು ಎರಡು ಜೋಡಿ ನಿಯಾನ್ ಟೆಟ್ರಾ. ಮನೆಗೆ ತಂದು ಬಿಟ್ಟ ಕೆಲವೇ ದಿನಗಳಲ್ಲಿ ದೂರು ಶುರುವಾಗುತ್ತದೆ. ದೊಡ್ಡ ಮೀನುಗಳು ಆರಾಮಾಗಿ ಓಡಾಡಿಕೊಂಡಿವೆ, ನಿಯಾನ್ ಮಾತ್ರ ಫಿಲ್ಟರಿನ ಹಿಂದಿನ ಮೂಲೆ ಬಿಟ್ಟು ಬರುವುದಿಲ್ಲ, ಅಂಗಡಿಯಲ್ಲಿದ್ದ ಹೊಳಪೂ ಈಗಿಲ್ಲ. ಕೆಲವರು ಇದನ್ನು ಮೀನಿನ ಸ್ವಭಾವವೆಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು, ಅಡಗುವ ಜಾಗವೇ ಇಲ್ಲದಿದ್ದರೆ ಹೊರಗೆ ಬರಲೇಬೇಕಲ್ಲ ಎಂದುಕೊಂಡು ತೊಟ್ಟಿಯೊಳಗಿನ ಗಿಡ, ಕಲ್ಲು, ಕಟ್ಟಿಗೆಯನ್ನೆಲ್ಲ ತೆಗೆದುಹಾಕುತ್ತಾರೆ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ಪುಟ್ಟ ಮೀನಿನ ಅಂಜಿಕೆ ಅದರ ದೋಷವಲ್ಲ. ಸುತ್ತಲಿನ ಪರಿಸ್ಥಿತಿಯನ್ನು ಅಳೆದು ಅದು ಮಾಡುವ ಸರಿಯಾದ ಲೆಕ್ಕಾಚಾರ ಅದು. ಅಡಗಲು ಸಾಕಷ್ಟು ಜಾಗ, ಜೊತೆಗೆ ಸಾಕಷ್ಟು ಸ್ವಜಾತಿಯವರು ಇದ್ದರೆ ಅದೇ ಮೀನು ದಿನದ ಹೆಚ್ಚು ಹೊತ್ತು ನಮ್ಮ ಕಣ್ಣೆದುರಿಗೇ ಇರುತ್ತದೆ.

ನಿಯಾನ್ ಟೆಟ್ರಾವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪೆರು, ಕೊಲಂಬಿಯ, ಬ್ರೆಜಿಲ್ ದೇಶಗಳಲ್ಲಿ ಹರಡಿರುವ ಅಮೆಜಾನ್ ನದಿಯ ಮೇಲ್ಭಾಗದ ಕಾಡುತೊರೆಗಳು ಇದರ ತವರು. 1936ರಲ್ಲಿ ವಿಜ್ಞಾನಿ ಜಾರ್ಜ್ ಮಯರ್ಸ್ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟರು. ಪೂರ್ತಿ ಬೆಳೆದರೂ ಮೂರರಿಂದ ನಾಲ್ಕು ಸೆಂಟಿಮೀಟರ್ ಉದ್ದ ಅಷ್ಟೆ. ಈ ತೊರೆಗಳ ಮೇಲೆ ಮರಗಳ ಚಪ್ಪರ ಕವಿದಿರುತ್ತದೆ. ಬಿಸಿಲು ಅಲ್ಲಲ್ಲಿ ತೂರಿ ಬಂದರೆ ಉಂಟು. ತಳದಲ್ಲಿ ಕೊಳೆಯುತ್ತಿರುವ ಎಲೆ, ಬೇರು, ಮುರಿದ ಕೊಂಬೆಗಳು ತುಂಬಿಕೊಂಡಿರುತ್ತವೆ. ಎಲೆಗಳಿಂದ ಇಳಿದ ಟ್ಯಾನಿನ್ ಸೇರಿ ನೀರು ಎಷ್ಟೋ ಕಡೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇಂಥ ಕಡೆ ದೊಡ್ಡ ಮೀನು, ನೀರುಹಕ್ಕಿ ಎಲ್ಲವಕ್ಕೂ ಆಹಾರವಾಗಬಲ್ಲ ಜೀವಿ ಬದುಕಿ ಉಳಿದಿರುವುದು ನೆರಳು, ಮರೆ ಮತ್ತು ಗುಂಪು ಎಂಬ ಮೂರು ಆಸರೆಗಳಿಂದ. ಈಗ ನಮ್ಮ ಸಾಮಾನ್ಯ ತೊಟ್ಟಿಯನ್ನು ಅದರ ಕಣ್ಣಿನಿಂದ ನೋಡಬೇಕು. ಮೇಲಿನಿಂದ ಸುರಿಯುವ ಬಿಳಿ ಎಲ್‌ಇಡಿ ಬೆಳಕು, ಕೆಳಗೆ ಬಿಳಿ ಅಥವಾ ಬಣ್ಣ ಬಳಿದ ಜಲ್ಲಿ, ನಾಲ್ಕೂ ಕಡೆ ಪಾರದರ್ಶಕ ಗಾಜು, ಗುಳ್ಳೆ ಬಿಡುವ ಒಂದು ಪ್ಲಾಸ್ಟಿಕ್ ಗೊಂಬೆ. ನೆರಳಿಲ್ಲ, ಮರೆಯಿಲ್ಲ, ಗುಂಪೆಂದರೆ ನಾಲ್ಕೇ ಜನ. ಇಂಥ ಕಡೆ ಹೆದರದ ನಿಯಾನ್ ಇದ್ದರೆ ಅದೇ ಆಶ್ಚರ್ಯ.

ಈ ಹೆದರಿಕೆಯನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಅದಕ್ಕೆ ಅವರು ಹೆಚ್ಚಾಗಿ ಬಳಸಿರುವುದು ನಮ್ಮದೇ ದೇಶದ ಜೀಬ್ರಾ ಡ್ಯಾನಿಯೊ. 1822ರಲ್ಲಿ ಗಂಗಾನದಿಯ ಮೀನುಗಳ ಕುರಿತ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರೆ ಯಾರೂ ಅಲ್ಲ, ಟಿಪ್ಪು ಪತನದ ನಂತರ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಪ್ರವಾಸಕಥನ ಬರೆದ ಬುಕಾನನ್. ಅವರು ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಇಟ್ಟುಕೊಂಡರು. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಈ ಮೀನಿನ ಆತಂಕವನ್ನು ಅಳೆಯಲು ಒಂದು ಸರಳ ಪರೀಕ್ಷೆಯಿದೆ. ಮೀನನ್ನು ಹೊಸ, ಬರಿದಾದ ತೊಟ್ಟಿಗೆ ಬಿಡುತ್ತಾರೆ. ಬಿಟ್ಟ ಕೂಡಲೇ ಅದು ತಳ ಸೇರುತ್ತದೆ, ನಡುನಡುವೆ ಅಲ್ಲಾಡದೆ ನಿಂತುಬಿಡುತ್ತದೆ, ಇಲ್ಲವೇ ದಿಕ್ಕು ತಪ್ಪಿದಂತೆ ಸರ್ರನೆ ಅತ್ತಿತ್ತ ನುಗ್ಗುತ್ತದೆ. ಅಪಾಯ ಕಾಣದೆ ನಿಮಿಷಗಳು ಕಳೆದಂತೆ ಸ್ವಲ್ಪಸ್ವಲ್ಪವೇ ಮೇಲೇರಿ, ತೊಟ್ಟಿಯ ಮೇಲ್ಭಾಗವನ್ನೂ ಸುತ್ತತೊಡಗುತ್ತದೆ. ಮೇಲೇರಲು ಎಷ್ಟು ಹೊತ್ತು ಹಿಡಿಯಿತು ಎಂಬುದೇ ಆತಂಕದ ಅಳತೆ. ಆತಂಕ ತಗ್ಗಿಸುವ ಔಷಧ ಕೊಟ್ಟರೆ ಮೀನು ಬೇಗ ಮೇಲೇರುತ್ತದೆ. ಹೊಸದಾಗಿ ತಂದ ಮೀನು ಮೊದಲ ಕೆಲವು ದಿನ ತಳದಲ್ಲೇ ಇದ್ದರೆ ಚಿಂತೆ ಬೇಡ ಎಂಬುದಕ್ಕೂ, ವಾರಗಳು ಉರುಳಿದರೂ ಅಲ್ಲೇ ಇದ್ದರೆ ತೊಟ್ಟಿಯಲ್ಲಿ ಏನೋ ಸರಿಯಿಲ್ಲ ಎಂಬುದಕ್ಕೂ ಇದೇ ಆಧಾರ.

ಹೆದರಿದ ಮೀನನ್ನು ಗುರುತಿಸುವುದು ಕಷ್ಟವಲ್ಲ. ಈಜುರೆಕ್ಕೆಗಳನ್ನು ಮೈಗೆ ಒತ್ತಿಕೊಂಡಿರುತ್ತದೆ. ಕಿವಿರು ಬೇಗಬೇಗ ಬಡಿದುಕೊಳ್ಳುತ್ತಿರುತ್ತದೆ. ನಿಯಾನ್ ಆದರೆ ನೀಲಿ ಪಟ್ಟೆ ಮಂಕಾಗಿ, ಬಾಲದ ಕಡೆಯ ಕೆಂಪು ತೆಳುವಾಗಿರುತ್ತದೆ. ಆಹಾರ ಹಾಕಿದರೆ ಮೇಲೆ ತೇಲುತ್ತಿರುವುದನ್ನು ಮುಟ್ಟದೆ, ತನ್ನ ಮೂಗಿನ ಮುಂದೆ ಜಾರಿ ಬಂದ ಚೂರನ್ನಷ್ಟೇ ಕಚ್ಚಿ ಮತ್ತೆ ಮೂಲೆಗೆ ಹಿಂದೆಗೆಯುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ನಿಯಾನ್ ಬಣ್ಣ ಕಳೆದುಕೊಳ್ಳುವುದು ಮಾತ್ರ ಸಹಜ. ಆ ಪಟ್ಟೆಯ ಹೊಳಪು ಚರ್ಮದ ಕೋಶಗಳಲ್ಲಿರುವ ಸೂಕ್ಷ್ಮ ಹರಳುಗಳಿಂದ ಬರುವಂಥದ್ದು, ಬೆಳಕಿಗೆ ತಕ್ಕಂತೆ ಬದಲಾಗುವಂಥದ್ದು. ಬೆಳಿಗ್ಗೆ ದೀಪ ಹಚ್ಚಿ ಸ್ವಲ್ಪ ಹೊತ್ತಿನಲ್ಲಿ ಮರಳಿದರೆ ಸರಿ. ನಡುಹಗಲಲ್ಲೂ ಮಂಕಾಗಿಯೇ ಇದ್ದರೆ ಅದು ಕೊಡುತ್ತಿರುವ ಸುಳಿವನ್ನು ನಾವು ಗಮನಿಸಬೇಕು.

ಮೊದಲ ಪರಿಹಾರ, ಸಂಖ್ಯೆ. ಬ್ರಿಟನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮನೆಯ ತೊಟ್ಟಿಗಳಲ್ಲಿ ಸಾಮಾನ್ಯವಾದ ನಾಲ್ಕು ಮೀನುಗಳನ್ನು ಆರಿಸಿಕೊಂಡಿತ್ತು: ನಿಯಾನ್ ಟೆಟ್ರಾ, ವೈಟ್ ಕ್ಲೌಡ್ ಮಿನ್ನೋ, ಟೈಗರ್ ಬಾರ್ಬ್, ಏಂಜೆಲ್. ಅವನ್ನು ಒಂಟಿಯಾಗಿ, ಎರಡರಂತೆ, ಐದರಂತೆ, ಹತ್ತರಂತೆ ಇಟ್ಟು ವರ್ತನೆಯನ್ನು ದಾಖಲಿಸಿದರು. ಒಟ್ಟಾರೆ ಕಂಡದ್ದು ಇಷ್ಟು: ಗುಂಪು ಚಿಕ್ಕದಾದಷ್ಟೂ ಮೀನಿನ ಕ್ಷೇಮ ಕುಗ್ಗಿತು, ಗುಂಪು ದೊಡ್ಡದಾದಾಗ ಹಿಂಡಾಗಿ ಈಜುವ ಸಹಜ ನಡವಳಿಕೆ ಹೆಚ್ಚಿತು. ಅಂಗಡಿಯ ಜೋಡಿ ಲೆಕ್ಕ ಮನುಷ್ಯರ ಕಲ್ಪನೆಗೆ ಒಪ್ಪುವಂಥದ್ದೇ ಹೊರತು, ಹಿಂಡಿನಲ್ಲಿ ಬದುಕುವ ಮೀನಿಗಲ್ಲ. ಹಿಂಡು ಏಕೆ ಧೈರ್ಯ ಕೊಡುತ್ತದೆ ಎಂಬುದಕ್ಕೂ ಪುರಾವೆಯಿದೆ. 1974ರಲ್ಲಿ ನೀಲ್ ಮತ್ತು ಕಲನ್ ಎಂಬ ವಿಜ್ಞಾನಿಗಳು, ಹಿಂಡು ದೊಡ್ಡದಾದಂತೆ ಬೇಟೆಗಾರ ಪ್ರಾಣಿಗಳ ದಾಳಿ ವಿಫಲವಾಗುವುದು ಹೆಚ್ಚುತ್ತದೆಂದು ತೋರಿಸಿದರು. ಒಂದೇ ಸಮನೆ ಸುಳಿದಾಡುವ ಹಲವು ಮೈಗಳಲ್ಲಿ ಒಂದನ್ನು ಗುರಿಯಿಟ್ಟು ಹಿಡಿಯುವುದು ಕಷ್ಟ. 1985ರ ಇನ್ನೊಂದು ಪ್ರಯೋಗದಲ್ಲಿ, ದೊಡ್ಡ ಹಿಂಡಿನ ಮಿನ್ನೋ ಮೀನುಗಳು ಹತ್ತಿರ ಬರುತ್ತಿದ್ದ ನಕಲಿ ಶತ್ರುವನ್ನು ಬೇಗ ಗುರುತಿಸಿದವು, ಗುರುತಿಸಿಯೂ ಹೆಚ್ಚು ಹೊತ್ತು ಮೇಯುವುದನ್ನು ಮುಂದುವರಿಸಿದವು. ನೋಡುವ ಕಣ್ಣುಗಳು ಹೆಚ್ಚಿದ್ದರೆ ಪ್ರತಿಯೊಂದು ಮೀನೂ ಸದಾ ಎಚ್ಚರದಿಂದಿರಬೇಕಾಗಿಲ್ಲ. ಪೋರ್ಚುಗಲ್ಲಿನ ಸಂಶೋಧಕರು 2017ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಪಾಯದ ವಾಸನೆಗೆ ಒಡ್ಡಿದ ಜೀಬ್ರಾ ಡ್ಯಾನಿಯೊಗೆ ತನ್ನ ಜಾತಿಯ ಮೀನುಗಳು ಕಣ್ಣಿಗೆ ಬಿದ್ದರೂ, ಅವುಗಳ ವಾಸನೆ ಸಿಕ್ಕರೂ ಭಯ ತಗ್ಗುತ್ತದೆ ಎಂಬುದು ಅವರ ಪ್ರಯೋಗದ ಫಲ.

ಎರಡನೆಯದು ಮರೆ. ಲಾರೆನ್ಸ್ ಡಿಲ್ ಎಂಬ ವಿಜ್ಞಾನಿ ಆಫ್ರಿಕಾದ ಒಂದು ಸಿಕ್ಲಿಡ್ ಮೀನಿನ ಮೇಲೆ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಅಡಗುತಾಣದಿಂದ ದೂರವಿರುವ ಮೀನು, ಶತ್ರು ಇನ್ನೂ ದೂರದಲ್ಲಿರುವಾಗಲೇ ಓಟ ಕೀಳುತ್ತದೆ. ಅಡಗುತಾಣ ಹತ್ತಿರದಲ್ಲೇ ಇದ್ದರೆ ಶತ್ರುವನ್ನು ಹೆಚ್ಚು ಹತ್ತಿರಕ್ಕೆ ಬರಗೊಟ್ಟು ಆಮೇಲೆ ಸರಿಯುತ್ತದೆ. ಮನೆಯ ತೊಟ್ಟಿಗೆ ಇದನ್ನು ಅನ್ವಯಿಸಿ ನೋಡಿದರೆ ಅರ್ಥ ಸ್ಪಷ್ಟ. ಬರಿದಾದ ತೊಟ್ಟಿಯಲ್ಲಿ ಕೋಣೆಯಾಚೆ ಯಾರೋ ನಡೆದದ್ದೂ ಅಪಾಯವೇ. ನಾಲ್ಕು ಬೆರಳಿನ ದೂರದಲ್ಲಿ ಗಿಡದ ಪೊದೆಯಿರುವ ತೊಟ್ಟಿಯಲ್ಲಿ ಗಾಜಿನ ಹತ್ತಿರವೇ ಮುಖವಿಟ್ಟು ನೋಡಿದರೂ ಮೀನು ತನ್ನ ಪಾಡಿಗೆ ಇರಬಲ್ಲದು. ಪೊದೆಯೊಳಗೆ ಅದು ನಿಜಕ್ಕೂ ಹೋಗುವುದು ಅಪರೂಪವಾಗಬಹುದು. ಬೇಕೆಂದಾಗ ಹೋಗಬಹುದು ಎಂಬ ಖಾತ್ರಿಯೇ ಅದನ್ನು ಹೊರಗಿಡುವುದು.

ಮೂರನೆಯದು ಸಹವಾಸ. ಅಮೆರಿಕದ ಜಾರ್ಜ್ ಬಾರ್ಲೋ ಮೀನುಗಳ ವರ್ತನೆಯ ಅಧ್ಯಯನಕ್ಕೆ ಹೆಸರಾದವರು. ತೊಟ್ಟಿಯ ಮೀನುಗಳು ವೀಕ್ಷಕರನ್ನು ಕಂಡು ಅಡಗಿಬಿಟ್ಟರೆ ಅಧ್ಯಯನವೇ ಕೆಡುತ್ತದೆ. ಇದಕ್ಕೆ 1968ರಲ್ಲಿ ಅವರು ಸೂಚಿಸಿದ ಉಪಾಯವೇ ಇಂದು ಹವ್ಯಾಸಿಗಳ ಬಾಯಲ್ಲಿ 'ಡಿದರ್ ಫಿಶ್' ಎಂದು ಬಳಕೆಯಲ್ಲಿದೆ. ನೀರಿನ ಮೇಲ್ಭಾಗದಲ್ಲಿ ನಿರ್ಭಯವಾಗಿ ತಿರುಗುವ ಶಾಂತ ಮೀನುಗಳು ಕಣ್ಣಿಗೆ ಕಾಣುತ್ತಿದ್ದರೆ, ಅಂಜುವ ಮೀನು ಅದನ್ನೇ ಅಪಾಯವಿಲ್ಲವೆಂಬ ಸೂಚನೆಯಾಗಿ ತೆಗೆದುಕೊಳ್ಳುತ್ತದೆ. ಆದರೆ ಯಾವ ಮೀನು ಎಂಬುದು ಮುಖ್ಯ. ಚುರುಕೆಂದು ದೊಡ್ಡ ಜಾತಿಯ ಡ್ಯಾನಿಯೊಗಳನ್ನು ತಂದರೆ ಅವು ಆಹಾರವನ್ನೆಲ್ಲ ಮೊದಲೇ ಕಬಳಿಸಿ, ಪುಟ್ಟ ಮೀನನ್ನು ಇನ್ನಷ್ಟು ಮೂಲೆಗೆ ತಳ್ಳುತ್ತವೆ. ಗಾತ್ರದಲ್ಲಿ ಸಮನಾದ, ಬೇರೆಯವರ ತಂಟೆಗೆ ಹೋಗದ ಮೀನುಗಳೇ ಆಗಬೇಕು. ಟೈಗರ್ ಬಾರ್ಬ್ ಬೇರೆ ಮೀನಿನ ರೆಕ್ಕೆ ಕಚ್ಚುವ ಚಾಳಿಯದು. ಅಂಗಡಿಯಲ್ಲಿ ಪುಟ್ಟದಾಗಿ ಕಾಣುವ ಏಂಜೆಲ್ ಬೆಳೆದ ಮೇಲೆ ನಿಯಾನನ್ನು ಇಡಿಯಾಗಿ ನುಂಗಬಲ್ಲದು. ಬಾಯಿಗೆ ಹಿಡಿಯುವಷ್ಟು ಚಿಕ್ಕದಾದ ಮೀನು ಆಹಾರವೇ ಎಂಬ ನಿಯಮ ಹಲವು ಜಾತಿಗಳನ್ನು ಒಟ್ಟಿಗೆ ಸಾಕುವ 'ಕಮ್ಯುನಿಟಿ ಟ್ಯಾಂಕ್'ನಲ್ಲೂ ರದ್ದಾಗುವುದಿಲ್ಲ.

ಸಹವಾಸದ ವಿಷಯದಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಸಂಗತಿಯಿದೆ. ಜೇನುನೊಣಗಳ ನೃತ್ಯಭಾಷೆಯನ್ನು ಬಿಡಿಸಿದ, 1973ರಲ್ಲಿ ನೊಬೆಲ್ ಹಂಚಿಕೊಂಡ ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ಮಿನ್ನೋ ಮೀನುಗಳ ಬಗ್ಗೆ ಒಂದು ಮಹತ್ವದ ಸಂಗತಿಯನ್ನು ವರದಿ ಮಾಡಿದರು. ಒಂದು ಮೀನಿನ ಚರ್ಮಕ್ಕೆ ಗಾಯವಾದರೆ ಅದರಿಂದ ನೀರಿಗೆ ಸೇರುವ ರಾಸಾಯನಿಕವೇ ಉಳಿದ ಮೀನುಗಳಿಗೆ ಅಪಾಯದ ಸಂದೇಶ. ಟೆಟ್ರಾ, ಬಾರ್ಬ್, ಡ್ಯಾನಿಯೊ, ರಾಸ್ಬೋರಾಗಳೆಲ್ಲ ಸೇರುವ ದೊಡ್ಡ ಗುಂಪಿನಲ್ಲಿ ಈ ವ್ಯವಸ್ಥೆ ವ್ಯಾಪಕವಾಗಿದೆ. ಹೊಳೆಯಲ್ಲಾದರೆ ಆ ವಾಸನೆ ಹರಿದು ಹೋಗುತ್ತದೆ. ಐವತ್ತು ಲೀಟರಿನ ಮುಚ್ಚಿದ ನೀರಿನಲ್ಲಿ ಎಲ್ಲಿಗೆ ಹೋದೀತು? ಒಂದು ಮೀನು ಇನ್ನೊಂದರ ರೆಕ್ಕೆಯನ್ನು ಕಚ್ಚಿ ಗಾಯ ಮಾಡುತ್ತಿದ್ದರೆ ಹೆದರಿಕೆ ಕಚ್ಚಿಸಿಕೊಂಡ ಮೀನಿಗಷ್ಟೇ ಅಲ್ಲ, ತೊಟ್ಟಿಗೆಲ್ಲ ಹರಡಬಹುದು. ಬಲೆ ಹಾಕಿ ಅಟ್ಟಾಡಿಸಿ ಮೀನು ಹಿಡಿಯುವುದನ್ನು ಆದಷ್ಟು ತಪ್ಪಿಸಬೇಕೆನ್ನುವುದೂ ಇದಕ್ಕೇ.

ಇದಕ್ಕೆಲ್ಲ ಆಕ್ಷೇಪಗಳಿವೆ, ಅವು ನಿರ್ಲಕ್ಷಿಸುವಂಥವಲ್ಲ. ಮೀನು ತಂದದ್ದೇ ನೋಡಲು, ಗಿಡ ತುಂಬಿಸಿದರೆ ಏನು ಕಾಣುತ್ತದೆ ಎಂಬುದು ಮೊದಲನೆಯದು. ಗಿಡಗಳನ್ನು ತೊಟ್ಟಿಯ ಹಿಂಬದಿಗೂ ಎರಡು ಪಕ್ಕಗಳಿಗೂ ದಟ್ಟವಾಗಿ ನೆಟ್ಟು, ಮುಂದಿನ ಅರ್ಧವನ್ನು ಖಾಲಿ ಬಿಟ್ಟರೆ ಈ ತೊಡಕು ಬಗೆಹರಿಯುತ್ತದೆ. ಆ ಖಾಲಿ ಜಾಗವೇ ಮೀನಿನ ಅಂಗಳ. ಹಿಂದಿನ ಪೊದೆ ಎಷ್ಟು ಹತ್ತಿರವೋ ಅಂಗಳದಲ್ಲಿ ಅದು ಅಷ್ಟು ಹೆಚ್ಚು ಹೊತ್ತು ಇರುತ್ತದೆ. ಎರಡನೆಯ ಆಕ್ಷೇಪ ಜಾಗದ್ದು: ಪುಟ್ಟ ತೊಟ್ಟಿಯಲ್ಲಿ ಹತ್ತು ಮೀನು ಹೇಗೆ? ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯ ಒಟ್ಟು ಗಾತ್ರ ಸುಮಾರು 56 ಲೀಟರ್. ಐದು ಜಾತಿಯ ಐದು ಜೋಡಿಗಳ ಬದಲು ಒಂದೇ ಜಾತಿಯ ಹತ್ತು ಪುಟ್ಟ ಮೀನುಗಳನ್ನು ಇಟ್ಟರೆ ಮೀನಿನ ಒಟ್ಟು ಸಂಖ್ಯೆ ಹೆಚ್ಚುವುದಿಲ್ಲ, ನೀರಿನ ಮೇಲಿನ ಹೊರೆ ಇಳಿದರೂ ಇಳಿಯಬಹುದು. ಬಿಟ್ಟುಕೊಡಬೇಕಾದದ್ದು ವೈವಿಧ್ಯದ ಆಸೆ ಮಾತ್ರ. ಹತ್ತು ನಿಯಾನ್‌ಗಳು ಒಟ್ಟಿಗೆ ತಿರುಗಿದಾಗ ಬೆಳಕು ಒಂದೇ ಸಲ ಅತ್ತಿಂದಿತ್ತ ಹೊರಳುವ ನೋಟ ಐದು ಬಗೆಯ ಜೋಡಿಗಳಿಂದ ಎಂದೂ ಸಿಗದು.

ಮೂರನೆಯ ಆಕ್ಷೇಪ ಇನ್ನೂ ಗಂಭೀರ. ಅಂಜಿಕೆ ಹುಟ್ಟುಗುಣ, ಅದನ್ನು ಬದಲಿಸಲು ಹೋಗುವುದೇಕೆ? ಇದರಲ್ಲಿ ಸತ್ಯಾಂಶವಿದೆ. ಒಂದೇ ಜಾತಿಯ ಮೀನುಗಳಲ್ಲೂ ಕೆಲವು ಧೈರ್ಯದವು, ಕೆಲವು ಅಳುಕಿನವು ಎಂಬುದನ್ನು ವಿಜ್ಞಾನಿಗಳು ದಶಕಗಳಿಂದ ದಾಖಲಿಸಿದ್ದಾರೆ. ಜಾತಿಜಾತಿಗೂ ವ್ಯತ್ಯಾಸವಿದೆ. ಬ್ರಹ್ಮಪುತ್ರ ಸೀಮೆಯ ಸ್ಕಾರ್ಲೆಟ್ ಬ್ಯಾಡಿಸ್ ಎಂಬ ಕೆಂಪು ಪಟ್ಟೆಯ ಪುಟಾಣಿ ಮೀನು ನಿಧಾನ ಸ್ವಭಾವದ್ದು, ಬದುಕಿರುವ ಸಣ್ಣ ಹುಳಗಳನ್ನೇ ಬಯಸುವಂಥದ್ದು. 2015ರಲ್ಲಿ ಕರ್ನಾಟಕದಿಂದ ವಿಜ್ಞಾನಕ್ಕೆ ಪರಿಚಯವಾದ 'ಡಾರಿಯೊ ಹುಲಿ' ಇದೇ ಕುಲದ್ದು. ಸ್ಕಾರ್ಲೆಟ್ ಬ್ಯಾಡಿಸನ್ನು ಗಡಿಬಿಡಿಯ ಮೀನುಗಳ ನಡುವೆ ಬಿಟ್ಟರೆ, ಎಷ್ಟು ಗಿಡ ನೆಟ್ಟರೂ ಹೊಟ್ಟೆಗಿಲ್ಲದೆ ಸೊರಗುತ್ತದೆ. ಅದಕ್ಕೆ ಬೇರೆ ತೊಟ್ಟಿಯೇ ಸರಿ. ಹಾಗಾಗಿ ಇಲ್ಲಿ ಗುರಿ ಸ್ವಭಾವವನ್ನು ತಿದ್ದುವುದಲ್ಲ, ಸ್ವಭಾವ ಬೇಡುವ ಪರಿಸರವನ್ನು ಒದಗಿಸುವುದು. ನಿಯಾನ್ ಸ್ವಭಾವದಲ್ಲಿ ಎಚ್ಚರವಿದೆ ನಿಜ. ದಿನವಿಡೀ ಫಿಲ್ಟರಿನ ಹಿಂದೆ ನಡುಗುತ್ತ ನಿಲ್ಲುವುದು ಆ ಸ್ವಭಾವದ ಭಾಗವಲ್ಲ.

ಕಾಡಿನಲ್ಲಿ ಹೇಗೂ ಯಾವುದಾದರೊಂದು ಬಾಯಿಗೆ ತುತ್ತಾಗುವ ಜೀವಿ, ತೊಟ್ಟಿ ಅದಕ್ಕಿಂತ ಸುರಕ್ಷಿತವಲ್ಲವೇ ಎಂದೂ ಕೇಳಬಹುದು. ಮೀನಿಗೆ ಅದು ಗೊತ್ತಿಲ್ಲ. ತೊರೆಯಲ್ಲಿ ಭಯ ಬರುತ್ತದೆ, ಓಡಿದರೆ ಮುಗಿಯುತ್ತದೆ, ಮೀನು ಮತ್ತೆ ಮೇಯಲು ಹೋಗುತ್ತದೆ. ತೊಟ್ಟಿಯಲ್ಲಿ ಭಯದ ಕಾರಣ ಕದಲುವುದೇ ಇಲ್ಲ, ಓಡಿಹೋಗಲು ಜಾಗವೂ ಇಲ್ಲ. ಕ್ಷಣಿಕ ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಹಾರ್ಮೋನು ಪ್ರಾಣ ಉಳಿಸುತ್ತದೆ. ಅದೇ ದಿನಗಟ್ಟಲೆ ಏರಿಯೇ ಇದ್ದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಬಿಳಿಚುಕ್ಕೆ ರೋಗ ತರುವಂಥ ಪರೋಪಜೀವಿಗಳಿಗೆ ಸೊರಗಿದ ಮೀನು ಸುಲಭದ ತುತ್ತು. ಮೀನಿಗೆ ಭಯ ಮನುಷ್ಯರಿಗಾಗುವಂತೆಯೇ ಆಗುತ್ತದೆಯೇ ಎಂಬ ಚರ್ಚೆ ವಿಜ್ಞಾನದಲ್ಲಿ ಮುಗಿದಿಲ್ಲ. ಆ ಚರ್ಚೆಯ ತೀರ್ಪು ಏನೇ ಬರಲಿ, ಭಯದಲ್ಲಿ ಬದುಕುವ ಮೀನು ಕಾಯಿಲೆ ಬಿದ್ದು ಬೇಗ ಸಾಯುವ ಸಾಧ್ಯತೆ ಹೆಚ್ಚು ಎಂಬುದು ಬದಲಾಗದು.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದೇನು? ಎಲ್ಲಕ್ಕಿಂತ ಮೊದಲು, ಅಡಗಿರುವುದು ಅಂಜಿಕೆಯಿಂದಲೋ ಕಾಯಿಲೆಯಿಂದಲೋ ಎಂದು ನೋಡಬೇಕು. ಒಂದೇ ಮೀನು ಗುಂಪಿನಿಂದ ದೂರ ಉಳಿದಿದ್ದರೆ, ಮೇಲೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದರೆ, ಮೈಮೇಲೆ ಚುಕ್ಕೆಗಳಿದ್ದರೆ ಅದು ನೀರಿನ ಅಥವಾ ರೋಗದ ಸಮಸ್ಯೆ. ಹೊಸ ತೊಟ್ಟಿಯಲ್ಲಿ ಅಮೋನಿಯಾ ಏರುವುದು, ನಲ್ಲಿ ನೀರಿನ ಕ್ಲೋರಿನ್ ತೆಗೆಯದೇ ಸುರಿಯುವುದು ಸಾಮಾನ್ಯ ಕಾರಣಗಳು. ನೀರು ಸರಿಯಿದ್ದೂ ಇಡೀ ಗುಂಪೇ ಅಡಗಿದ್ದರೆ ಆಗ ತೊಟ್ಟಿಯ ಒಳಾಂಗಣ ಬದಲಾಗಬೇಕು. ಹಿಂದಿನ ಗಾಜಿಗೂ ಎರಡು ಪಕ್ಕದ ಗಾಜುಗಳಿಗೂ ಹೊರಗಿನಿಂದ ಕಪ್ಪು ಕಾಗದ ಅಂಟಿಸುವುದು ಅತಿ ಅಗ್ಗದ, ಅತಿ ಬೇಗ ಫಲ ಕೊಡುವ ಕ್ರಮ. ಶತ್ರು ಬರಬಹುದಾದ ಮೂರು ದಿಕ್ಕುಗಳು ಅದರಿಂದ ಮುಚ್ಚಿಹೋಗುತ್ತವೆ. ಬಿಳಿ ಜಲ್ಲಿಯ ಬದಲು ಗಾಢ ಬಣ್ಣದ ಮರಳು ಹಾಕಿದರೆ ಕೆಳಗಿನಿಂದ ಪ್ರತಿಫಲಿಸುವ ಬೆಳಕು ತಗ್ಗುತ್ತದೆ, ಮೀನಿನ ಬಣ್ಣವೂ ಗಾಢವಾಗಿ ಕಾಣುತ್ತದೆ. ಜಾವಾ ಫರ್ನ್, ಜಾವಾ ಮಾಸ್ ಗಿಡಗಳಿಗೆ ಹೆಚ್ಚು ಬೆಳಕು, ಗೊಬ್ಬರ ಬೇಡ. ಕಟ್ಟಿಗೆಗೆ ಕಟ್ಟಿಬಿಟ್ಟರೂ ಬೆಳೆಯುತ್ತವೆ. ಅಂತರಗಂಗೆಯಂಥ ತೇಲುಗಿಡ ನೀರಿನ ಮೇಲ್ಮೈಯ ಮೂರನೇ ಒಂದು ಭಾಗವನ್ನು ಮುಚ್ಚಿದರೆ ಕಾಡಿನ ಚಪ್ಪರದ ನೆರಳು ಸಿಕ್ಕಂತೆಯೇ. ಹೆಚ್ಚಾದ ಗಿಡವನ್ನು ಮಾತ್ರ ಕೆರೆಗೋ ಚರಂಡಿಗೋ ಎಸೆಯದೆ ಒಣಗಿಸಿ ಗೊಬ್ಬರಕ್ಕೆ ಹಾಕಬೇಕು. ಕರಾವಳಿಯ ಬೀದಿಬದಿಗಳಲ್ಲಿ ಬೆಳೆಯುವ ಕಾಡುಬಾದಾಮಿ ಮರದ ಎಲೆ, ತಾನಾಗಿ ಒಣಗಿ ಉದುರಿದ್ದು, ಔಷಧಿ ಸಿಂಪಡಿಸದ್ದು ಸಿಕ್ಕರೆ ತೊಳೆದು ಒಂದೆರಡನ್ನು ತಳಕ್ಕೆ ಬಿಡಬಹುದು. ಜಗತ್ತಿನಾದ್ಯಂತ ಹವ್ಯಾಸಿಗಳು ದುಡ್ಡು ಕೊಟ್ಟು ಕೊಳ್ಳುವ ಎಲೆ ಅದು. ನೀರಿಗೆ ಕಂದು ಛಾಯೆ ಕೊಟ್ಟು ಬೆಳಕನ್ನು ಮೆದುಗೊಳಿಸುತ್ತದೆ.

ಉಳಿದದ್ದು ಮನೆಯವರ ನಡವಳಿಕೆ. ಕತ್ತಲೆಯಲ್ಲಿ ತೊಟ್ಟಿಯ ದೀಪವನ್ನು ಒಮ್ಮೆಲೇ ಹಚ್ಚುವ ಬದಲು ಮೊದಲು ಕೋಣೆಯ ದೀಪ ಹಚ್ಚಿ, ಸ್ವಲ್ಪ ಹೊತ್ತಿನ ಮೇಲೆ ತೊಟ್ಟಿಯದನ್ನು ಹಚ್ಚಬೇಕು. ಬಾಗಿಲು ಬಡಿಯುವ ಗೋಡೆಗೂ ಸ್ಪೀಕರಿಗೂ ತೊಟ್ಟಿಯನ್ನು ಒರಗಿಸಬಾರದು. ಮೀನು ಕಂಪನವನ್ನು ಗ್ರಹಿಸುವುದು ಕಿವಿಯಿಂದ ಮಾತ್ರವಲ್ಲ, ಮೈಯುದ್ದಕ್ಕೂ ಇರುವ ಪಾರ್ಶ್ವರೇಖೆ ಎಂಬ ಅಂಗದಿಂದಲೂ. ಗಾಜು ಬಡಿದರೆ ಅಭ್ಯಾಸವಾಗುತ್ತದೆಂಬ ಮಾತು ನಿಲ್ಲುವುದಿಲ್ಲ. ಮೀನು ಒಗ್ಗಿಕೊಳ್ಳುವುದು ಕ್ರಮ ತಪ್ಪದೆ ನಡೆಯುವ, ಕೇಡು ತರದ ಸಂಗತಿಗಳಿಗೆ. ಮಕ್ಕಳು ಯಾವಾಗಲೋ ಒಮ್ಮೆ ಗಾಜಿಗೆ ಬಡಿಯುವುದಕ್ಕೆ ಯಾವ ಕ್ರಮವೂ ಇಲ್ಲ. ಅದೇ ಮಕ್ಕಳ ಕೈಗೆ ದಿನಾ ಒಂದೇ ಹೊತ್ತಿಗೆ ಚಿಟಿಕೆ ಆಹಾರ ಹಾಕುವ ಕೆಲಸ ಕೊಟ್ಟು ನೋಡಿ. ಕಾಳನ್ನು ನುಣ್ಣಗೆ ಪುಡಿ ಮಾಡಿ, ತೊಟ್ಟಿಯ ಎರಡು ಕಡೆ ಹಾಕಬೇಕು. ಚುರುಕು ಮೀನುಗಳು ಒಂದು ಕಡೆ ಮುತ್ತಿಕೊಂಡಾಗ ಅಂಜುವವಕ್ಕೆ ಇನ್ನೊಂದು ಕಡೆ ಸಿಗುತ್ತದೆ. ಆಗ ಆ ಮಕ್ಕಳ ಹೆಜ್ಜೆಸಪ್ಪಳಕ್ಕೆ ಮೀನುಗಳು ಓಡುವ ಬದಲು ಎದುರು ಬರುವುದನ್ನು ಕಲಿಯುತ್ತವೆ.

ಅಂಗಡಿಗೆ ಹೋಗುವ ಮುನ್ನ ಒಂದು ತೀರ್ಮಾನ ಮಾಡಿಕೊಂಡು ಹೋಗಿ. ಯಾವ ಪುಟ್ಟ ಮೀನು ಇಷ್ಟವೋ ಅದೊಂದನ್ನೇ ಆರಿಸಿ, ಜೋಡಿ ಕೇಳದೆ ಹತ್ತು ಕೇಳಿ. ಅಷ್ಟಕ್ಕೆ ಜಾಗವಿಲ್ಲದಿದ್ದರೆ ಆ ಮೀನನ್ನು ತರಬೇಡಿ. ಈಗಾಗಲೇ ಮನೆಯಲ್ಲಿರುವ ಮೀನು ಮೂಲೆ ಸೇರಿದ್ದರೆ ಮರೆಯನ್ನು ಕೀಳಬೇಡಿ, ಇನ್ನಷ್ಟು ಕಟ್ಟಿಕೊಡಿ. ಆಮೇಲೆ ಕೆಲವು ವಾರ ತಾಳ್ಮೆಯಿಂದ ಕಾಯಿರಿ. ಬಿಟ್ಟ ಜಾಗದಿಂದ ತಪ್ಪಿಸಿಕೊಂಡು ಹೋಗಲಾರದ ಜೀವಿಗೆ, ಆ ಜಾಗವನ್ನು ಬದುಕಲು ಯೋಗ್ಯವಾಗಿಸುವ ಹೊಣೆ ಅದನ್ನು ತಂದವರದೇ.